ಲಕೋಟೆಯೊಳಗಿದ್ದದ್ದು ಸುದ್ದಿಯೇ: ಪರವಾನಗಿ ನವೀಕರಣದ ಒಂದು ಪ್ರಕರಣ ಅಧ್ಯಯನ

2022ರ ಜನವರಿ 31ರಂದು ಕೇರಳದ ಒಂದು ಮಲಯಾಳಂ ಸುದ್ದಿವಾಹಿನಿಯ ಸಂಪಾದಕರು ತಮ್ಮದೇ ವಾಹಿನಿಯ ತೆರೆಯ ಮೇಲೆ ಬಂದರು. ಭದ್ರತೆಯ ಕಾರಣ ನೀಡಿ ಕೇಂದ್ರ ಸರ್ಕಾರ ಪ್ರಸಾರವನ್ನು ತಡೆದಿದೆ, ಆ ಕಾರಣದ ವಿವರವನ್ನು ತಮಗೆ ತಿಳಿಸಿಲ್ಲ, ಸದ್ಯಕ್ಕೆ ಪ್ರಸಾರ ನಿಲ್ಲಿಸುತ್ತಿದ್ದೇವೆ ಎಂದು ವೀಕ್ಷಕರಿಗೆ ಹೇಳಿದರು. ಅಲ್ಲಿಂದ 14 ತಿಂಗಳ ನಂತರ, 2023ರ ಏಪ್ರಿಲ್ 5ರಂದು, ಸುಪ್ರೀಂ ಕೋರ್ಟು ಆ ವಿವರ ಏನಾಗಿತ್ತು ಎಂಬುದನ್ನು ತನ್ನ ತೀರ್ಪಿನಲ್ಲಿ ಬರೆಯಿತು. ಈ ಎರಡು ದಿನಾಂಕಗಳ ನಡುವೆ ಯಾರು ಯಾವ ಘಟ್ಟದಲ್ಲಿ ಏನನ್ನು ನಿರ್ಧರಿಸಿದರು, ಯಾವ ನಿರ್ಧಾರ ಪ್ರಕರಣದ ದಿಕ್ಕನ್ನು ತಿರುಗಿಸಿತು ಎಂಬುದನ್ನು ನೋಡುವುದು ಈ ಬರಹದ ಉದ್ದೇಶ.

ತೀರ್ಪು ಸಾರ್ವಜನಿಕ ದಾಖಲೆಯೇ ಆಗಿರುವುದರಿಂದ ಬಲ್ಲವರಿಗೆ ವಾಹಿನಿ ಯಾವುದೆಂದು ಹೊಳೆದೇ ಹೊಳೆಯುತ್ತದೆ. ಆದರೂ ವಾಹಿನಿಯ ಹೆಸರನ್ನಾಗಲಿ, ಅದನ್ನು ನಡೆಸುವ ಕಂಪನಿ, ಸಂಪಾದಕರು ಹಾಗೂ ಕಡತಕ್ಕೆ ಸಹಿ ಹಾಕಿದ ಅಧಿಕಾರಿಗಳ ಹೆಸರನ್ನಾಗಲಿ ಇಲ್ಲಿ ಬಳಸಿಲ್ಲ. ಇಂಥ ಪ್ರಕರಣಗಳಲ್ಲಿ ಹೆಸರು ಕಂಡ ಕೂಡಲೇ ನಾವು ಅದು ನಮ್ಮವರದೋ ಎದುರಿನವರದೋ ಎಂದು ಅಳೆಯಲು ತೊಡಗುತ್ತೇವೆ. ಆಮೇಲೆ ಓದುವುದೆಲ್ಲ ಆ ಅಳತೆಗೆ ಹೊಂದಿಸಿಕೊಳ್ಳುವ ಕೆಲಸವಾಗಿಬಿಡುತ್ತದೆ. ವಾಹಿನಿಯ ಸುದ್ದಿಯ ಧೋರಣೆ ನಿಮಗೆ ಹಿಡಿಸುತ್ತದೆಯೇ ಇಲ್ಲವೇ ಎಂಬ ಪ್ರಶ್ನೆ ಇಲ್ಲಿ ಬೇಕಾಗಿಲ್ಲ.

ಹಿನ್ನೆಲೆ

ಭಾರತದಲ್ಲಿ ಪತ್ರಿಕೆ ಹೊರಡಿಸುವುದಕ್ಕೂ ಉಪಗ್ರಹ ಸುದ್ದಿವಾಹಿನಿ ನಡೆಸುವುದಕ್ಕೂ ಒಂದು ಮೂಲಭೂತ ವ್ಯತ್ಯಾಸವಿದೆ. ಪತ್ರಿಕೆಗೆ ನೋಂದಣಿ ಸಾಕು. ವಾಹಿನಿಗೆ ಅನುಮತಿ ಬೇಕು. ಕಾರ್ಯಕ್ರಮವನ್ನು ನೆಲದಿಂದ ಉಪಗ್ರಹಕ್ಕೆ ಕಳುಹಿಸುವ ಅಪ್‌ಲಿಂಕಿಂಗ್‌ಗೆ ಒಂದು ಅನುಮತಿ, ಅದನ್ನು ಇಳಿಸಿಕೊಂಡು ದೇಶದೊಳಗೆ ಹಂಚುವ ಡೌನ್‌ಲಿಂಕಿಂಗ್‌ಗೆ ಇನ್ನೊಂದು. ಎರಡನ್ನೂ ಕೊಡುವುದು ವಾರ್ತಾ ಮತ್ತು ಪ್ರಸಾರ ಸಚಿವಾಲಯ. ಆದರೆ ಅದು ಕೊಡಬೇಕಾದರೆ ಕಂಪನಿಗೆ ಗೃಹ ಸಚಿವಾಲಯದ ಭದ್ರತಾ ಅನುಮೋದನೆ ಇರಬೇಕು, ಗೃಹ ಸಚಿವಾಲಯವು ಅದಕ್ಕಾಗಿ ಗುಪ್ತಚರ ಸಂಸ್ಥೆಗಳ ವರದಿಯನ್ನು ನೆಚ್ಚಿಕೊಂಡಿರುತ್ತದೆ. ಹೀಗಾಗಿ ಅರ್ಜಿದಾರನ ಕಣ್ಣಿಗೆ ಕಾಣುವ ಕಚೇರಿ ಒಂದು, ನಿಜವಾಗಿ ತೀರ್ಮಾನಿಸುವ ಕಚೇರಿ ಇನ್ನೊಂದು, ಆ ತೀರ್ಮಾನಕ್ಕೆ ಆಧಾರ ಒದಗಿಸುವ ಕಚೇರಿ ಮತ್ತೊಂದು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯಲ್ಲಿ ಕೊನೆಯ ಪಕ್ಷ ಪೂಜಾರಿ ಎದುರಿಗೆ ನಿಂತಿರುತ್ತಾನೆ. ಇಲ್ಲಿ ಅವನೂ ತೆರೆಯ ಹಿಂದೆಯೇ ಇರುತ್ತಾನೆ. ಈ ಇಡೀ ವ್ಯವಸ್ಥೆ ಅಂದು ನಿಂತಿದ್ದುದು 2011ರ ಮಾರ್ಗಸೂಚಿಗಳ ಮೇಲೆ, ಅಂದರೆ ಸರ್ಕಾರ ತಾನೇ ಹೊರಡಿಸಿದ ನಿಯಮಗಳ ಮೇಲೆ.

ನಮ್ಮ ಪ್ರಕರಣದ ಕಂಪನಿ 2010ರ ಮೇ ತಿಂಗಳಲ್ಲಿ ಅರ್ಜಿ ಹಾಕಿತು. 2011ರ ಫೆಬ್ರವರಿಯಲ್ಲಿ ಗೃಹ ಸಚಿವಾಲಯ ಭದ್ರತಾ ಅನುಮೋದನೆ ನೀಡಿತು. ಅದೇ ವರ್ಷದ ಸೆಪ್ಟೆಂಬರ್ 30ರಂದು ಹತ್ತು ವರ್ಷಗಳ ಅವಧಿಗೆ ಅಪ್‌ಲಿಂಕಿಂಗ್ ಅನುಮತಿ ದೊರೆಯಿತು. 2013ರಲ್ಲಿ ವಾಹಿನಿ ಪ್ರಸಾರ ಆರಂಭಿಸಿತು. 2016ರಲ್ಲಿ ಅದೇ ಕಂಪನಿಯ ಇನ್ನೊಂದು ವಾಹಿನಿಯ ಬಗ್ಗೆ, ಭದ್ರತಾ ಅನುಮೋದನೆ ನಿರಾಕರಿಸಲಾಗಿದೆ ಎಂಬ ನೋಟಿಸು ಬಂತು. ಸುದ್ದಿವಾಹಿನಿ ಮಾತ್ರ ಮುಂದುವರಿಯಿತು. ಮುಂದೆ ಬರಲಿದ್ದುದರ ಸೂಚನೆ ಅದೆಂದು ಈಗ ಹಿಂತಿರುಗಿ ನೋಡಿದಾಗ ಹೇಳುವುದು ಸುಲಭ.

ಎರಡನೆಯ ಸೂಚನೆ ಇನ್ನೂ ಸ್ಪಷ್ಟವಾಗಿತ್ತು. 2020ರ ಫೆಬ್ರವರಿ ಕೊನೆಯಲ್ಲಿ ಈಶಾನ್ಯ ದೆಹಲಿಯಲ್ಲಿ ನಡೆದ ಕೋಮು ಹಿಂಸಾಚಾರವನ್ನು ವರದಿ ಮಾಡಿದ ರೀತಿಗಾಗಿ, ಮಾರ್ಚ್ 6ರಂದು ಈ ವಾಹಿನಿಯೂ ಸೇರಿ ಎರಡು ಮಲಯಾಳಂ ವಾಹಿನಿಗಳ ಪ್ರಸಾರವನ್ನು ವಾರ್ತಾ ಸಚಿವಾಲಯ 48 ಗಂಟೆ ನಿಲ್ಲಿಸಿತು. ಕೇಬಲ್ ಟಿವಿ ಕಾನೂನಿನಡಿಯ ಕಾರ್ಯಕ್ರಮ ಸಂಹಿತೆಯ ಉಲ್ಲಂಘನೆ ಎಂಬುದು ಆದೇಶದ ಆಧಾರವಾಗಿತ್ತು. ಆದರೆ ಈ ವಾಹಿನಿಗೆ ಬಂದ ಆದೇಶದಲ್ಲಿ, ಅದು ದೆಹಲಿ ಪೊಲೀಸರ ಬಗ್ಗೆಯೂ ರಾಷ್ಟ್ರೀಯ ಸ್ವಯಂಸೇವಕ ಸಂಘದ ಬಗ್ಗೆಯೂ ಟೀಕಾತ್ಮಕವಾಗಿರುವಂತೆ ತೋರುತ್ತದೆ ಎಂಬ ಮಾತೂ ಇತ್ತು. ಪೊಲೀಸರನ್ನು ಟೀಕಿಸಬಾರದೆಂದು ಯಾವ ಸಂಹಿತೆಯಲ್ಲೂ ಬರೆದಿಲ್ಲ. ಹಾಗಿದ್ದೂ ಅದು ಸಹಿ ಬಿದ್ದ ಸರ್ಕಾರಿ ಆದೇಶದೊಳಕ್ಕೆ ನುಸುಳಿತು. ಖಂಡನೆ ಎಲ್ಲೆಡೆಯಿಂದ ಬಂದುದರಿಂದ ಮರುದಿನವೇ ಎರಡೂ ನಿಷೇಧಗಳನ್ನು ಹಿಂತೆಗೆದುಕೊಳ್ಳಲಾಯಿತು, ವಾರ್ತಾ ಸಚಿವರು ಪ್ರಧಾನಿಯವರೂ ಈ ಬಗ್ಗೆ ಕಳವಳ ವ್ಯಕ್ತಪಡಿಸಿದ್ದಾರೆ ಎಂದರು.

ಈ ಸಣ್ಣ ಘಟನೆಯನ್ನು ನಾನು ಪ್ರಕರಣದ ಮುನ್ನುಡಿಯೆಂದು ಓದುತ್ತೇನೆ. ಕಾರಣವನ್ನು ಬಿಚ್ಚಿ ಬರೆದ ಆದೇಶ ಒಂದು ದಿನವೂ ಬಾಳಲಿಲ್ಲ, ಏಕೆಂದರೆ ಬರೆದ ಕಾರಣವನ್ನು ಓದಿದವರಿಗೆಲ್ಲ ಅದರ ದೌರ್ಬಲ್ಯ ಕಾಣುತ್ತಿತ್ತು. ಎರಡು ವರ್ಷಗಳ ನಂತರ ಅದೇ ವಾಹಿನಿಯ ಮೇಲೆ ಬಂದ ಆದೇಶದಲ್ಲಿ ಕಾರಣವೇ ಇರಲಿಲ್ಲ. ಮೊದಲನೆಯದರಿಂದ ಪಾಠ ಕಲಿತೇ ಎರಡನೆಯದನ್ನು ಹಾಗೆ ಬರೆದರು ಎಂದು ಹೇಳುವುದಕ್ಕೆ ಪುರಾವೆಯಿಲ್ಲ, ನಾನು ಹಾಗೆ ಹೇಳುತ್ತಲೂ ಇಲ್ಲ. ಆದರೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡದೆ ಎರಡನೆಯದರ ಬಲ ಎಲ್ಲಿಂದ ಬಂತೆಂಬುದು ತಿಳಿಯುವುದಿಲ್ಲ.

ಸಮಸ್ಯೆ

ಹತ್ತು ವರ್ಷಗಳ ಅನುಮತಿ 2021ರ ಸೆಪ್ಟೆಂಬರ್ ಕೊನೆಗೆ ಮುಗಿಯುವುದಿತ್ತು. ಕಂಪನಿ ಸುಮಾರು ಐದು ತಿಂಗಳು ಮುಂಚಿತವಾಗಿ, ಮೇ 3ರಂದು, ನವೀಕರಣಕ್ಕೆ ಅರ್ಜಿ ಸಲ್ಲಿಸಿತು. ಅವಧಿ ಮುಗಿದರೂ ತೀರ್ಮಾನ ಬರಲಿಲ್ಲ. ಡಿಸೆಂಬರ್ 29ರಂದು ಗೃಹ ಸಚಿವಾಲಯ ಭದ್ರತಾ ಅನುಮೋದನೆಯನ್ನು ನಿರಾಕರಿಸಿತು. 2022ರ ಜನವರಿ 5ರಂದು ವಾರ್ತಾ ಸಚಿವಾಲಯದಿಂದ ಕಾರಣ ಕೇಳಿ ನೋಟಿಸು ಬಂತು: ಗೃಹ ಸಚಿವಾಲಯ ನಿಮಗೆ ಭದ್ರತಾ ಅನುಮೋದನೆ ನಿರಾಕರಿಸಿದೆ, ಆದ್ದರಿಂದ ನಿಮ್ಮ ಅನುಮತಿಯನ್ನು ಏಕೆ ಹಿಂತೆಗೆದುಕೊಳ್ಳಬಾರದು ಎಂದು ವಿವರಿಸಿ.

ಆ ನೋಟಿಸಿಗೆ ಹೇಗೆ ಉತ್ತರಿಸಬೇಕೆಂಬುದು ವಾಹಿನಿಯ ಮುಂದಿದ್ದ ಮೊದಲ ನಿರ್ಧಾರ, ನನ್ನ ಮಟ್ಟಿಗೆ ಇಡೀ ಪ್ರಕರಣದಲ್ಲಿ ಅತಿ ಮುಖ್ಯವಾದದ್ದು. ಸಾಮಾನ್ಯವಾಗಿ ಇಂಥ ಸಂದರ್ಭದಲ್ಲಿ ಸಂಸ್ಥೆಗಳು ತಮ್ಮ ದೇಶಭಕ್ತಿಯ ಪಟ್ಟಿ ಕೊಡಲು ಕೂರುತ್ತವೆ. ಯಾವ ಕಾರ್ಯಕ್ರಮದಿಂದ ಸರ್ಕಾರಕ್ಕೆ ಸಿಟ್ಟು ಬಂದಿರಬಹುದೆಂದು ಊಹಿಸಿ ಅದಕ್ಕೆ ಸಮಜಾಯಿಷಿ ಬರೆಯುತ್ತವೆ. ತೆರೆಮರೆಯಲ್ಲಿ ದೆಹಲಿಯ ಪರಿಚಯಸ್ಥರ ಮೂಲಕ ವಿಚಾರಿಸುತ್ತವೆ. ಆರೋಪ ಗೊತ್ತಿಲ್ಲದೆ ಸಮರ್ಥನೆ ಬರೆಯಲು ಹೊರಟರೆ ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡಂತೆ ಆಗುತ್ತದೆ. ಅಷ್ಟೇ ಅಲ್ಲದೆ, ಊಹಿಸಿ ಬರೆದ ಪ್ರತಿ ಸಮಜಾಯಿಷಿಯೂ ಆ ವಿಷಯದಲ್ಲಿ ತಮಗೇ ಅನುಮಾನವಿತ್ತೆಂದು ಒಪ್ಪಿಕೊಂಡಂತೆ ಕಡತದಲ್ಲಿ ಉಳಿದುಬಿಡುತ್ತದೆ. ಜನವರಿ 19ರ ಉತ್ತರದಲ್ಲಿ ವಾಹಿನಿ ಆ ದಾರಿ ಹಿಡಿಯಲಿಲ್ಲ. ಯಾವ ಆಧಾರದ ಮೇಲೆ ಅನುಮೋದನೆ ನಿರಾಕರಿಸಲಾಗಿದೆ ಎಂಬುದು ತನಗೆ ಗೊತ್ತಿಲ್ಲ, ಗೊತ್ತಿಲ್ಲದ ಸಂಗತಿಗೆ ಉತ್ತರ ಕೊಡಲಾಗುವುದಿಲ್ಲ, ಆದ್ದರಿಂದ ತನ್ನ ಮಾತು ಹೇಳಿಕೊಳ್ಳಲು ಅವಕಾಶ ಬೇಕು ಎಂಬುದು ಅದರ ನಿಲುವಾಗಿತ್ತು. ಹಾಳೆಯ ಮೇಲೆ ಇದು ದುರ್ಬಲ ಉತ್ತರದಂತೆ ಕಾಣುತ್ತದೆ. ಆದರೆ ಮುಂದೆ ನ್ಯಾಯಾಲಯಗಳಲ್ಲಿ ಬೆಳೆದ ವಾದವೆಲ್ಲ ಈ ಉತ್ತರದಲ್ಲೇ ಬೇರೂರಿತ್ತು.

12 ದಿನ ಕಳೆದ ಮೇಲೆ ಅನುಮತಿ ಹಿಂತೆಗೆದುಕೊಂಡ ಆದೇಶ ಬಂತು. ಅದು ನೋಟಿಸಿನಲ್ಲಿದ್ದುದನ್ನೇ ಮತ್ತೆ ಹೇಳಿತು: ಭದ್ರತಾ ಅನುಮೋದನೆ ಇಲ್ಲ, ಆದ್ದರಿಂದ ಅನುಮತಿ ಇಲ್ಲ. ಕಾರಣ ಕೇಳಿದವರು ಕಾರಣ ಕೊಡಬೇಕಾದವರೂ ಹೌದು ಎಂಬುದು ಆದೇಶ ಬರೆದವರಿಗೆ ಹೊಳೆದಂತಿಲ್ಲ. ವಾರ್ತಾ ಸಚಿವಾಲಯ ತನ್ನ ಬುದ್ಧಿಯನ್ನು ಸ್ವತಂತ್ರವಾಗಿ ಉಪಯೋಗಿಸಿದ ಕುರುಹು ಆ ಕಾಗದದಲ್ಲಿ ಇರಲಿಲ್ಲ. ಗೃಹ ಸಚಿವಾಲಯಕ್ಕೆ ವಾಹಿನಿಯ ಎದುರು ಉತ್ತರಿಸಬೇಕಾದ ಹೊಣೆಯೇ ಇರಲಿಲ್ಲ.

ಹೈಕೋರ್ಟಿನ ಹಂತ

ವಾಹಿನಿ ಅದೇ ದಿನ ಕೇರಳ ಹೈಕೋರ್ಟಿಗೆ ಹೋಗಿ ಮಧ್ಯಂತರ ತಡೆ ಪಡೆಯಿತು, ತೆರೆ ಮತ್ತೆ ಬೆಳಗಿತು. ಎರಡನೆಯ ಮುಖ್ಯ ನಿರ್ಧಾರ ಇಲ್ಲಿ ಕಾಣುತ್ತದೆ. ಕಂಪನಿಯ ಅರ್ಜಿಯ ಜೊತೆಗೆ ಸಂಪಾದಕರೂ ಪತ್ರಕರ್ತರ ಸಂಘವೂ ಬೇರೆಯಾಗಿ ನ್ಯಾಯಾಲಯದ ಬಾಗಿಲು ತಟ್ಟಿದರು. ಪರವಾನಗಿ ಕಂಪನಿಯ ಸ್ವತ್ತು, ಆದ್ದರಿಂದ ಇದು ಸರ್ಕಾರ ಮತ್ತು ಕಂಪನಿಯ ನಡುವಣ ವ್ಯವಹಾರದ ವ್ಯಾಜ್ಯ ಎಂದು ಪ್ರಕರಣವನ್ನು ಕುಗ್ಗಿಸಿ ನೋಡುವುದು ಸುಲಭವಿತ್ತು. ಬರೆಯುವವರು ಮತ್ತು ದುಡಿಯುವವರು ತಮ್ಮ ಹೆಸರಿನಲ್ಲೇ ನಿಂತದ್ದರಿಂದ ವಾಕ್ ಸ್ವಾತಂತ್ರ್ಯದ ಪ್ರಶ್ನೆ ಕಡತದಿಂದ ಜಾರಿಹೋಗಲಿಲ್ಲ.

ಆದರೆ ಫಲ ಕೂಡಲೇ ಸಿಗಲಿಲ್ಲ. ಕಾರಣಗಳನ್ನು ಬಹಿರಂಗಪಡಿಸಿದರೆ ರಾಷ್ಟ್ರೀಯ ಭದ್ರತೆಯ ಮೇಲೆ ಊಹಿಸಲಾಗದ ಪರಿಣಾಮಗಳಾಗಬಹುದು ಎಂಬುದು ಗೃಹ ಸಚಿವಾಲಯದ ವಾದ. ಕಡತಗಳನ್ನು ಮುಚ್ಚಿದ ಲಕೋಟೆಯಲ್ಲಿ ನ್ಯಾಯಾಧೀಶರಿಗೆ ಮಾತ್ರ ಕೊಡಲಾಯಿತು. ಫೆಬ್ರವರಿ 8ರಂದು ಏಕಸದಸ್ಯ ಪೀಠ, ಕಡತ ನೋಡಿದ ಮೇಲೆ ನಿರಾಕರಣೆಗೆ ಸಮರ್ಥನೆ ಇದೆಯೆಂದು ಮನವರಿಕೆಯಾಗಿದೆ ಎಂದು ಹೇಳಿ ಅರ್ಜಿಗಳನ್ನು ವಜಾಗೊಳಿಸಿತು. ತೆರೆ ಮತ್ತೆ ಕಪ್ಪಾಯಿತು. ಮಾರ್ಚ್ 2ರಂದು ವಿಭಾಗೀಯ ಪೀಠವೂ ಮೇಲ್ಮನವಿಗಳನ್ನು ತಳ್ಳಿಹಾಕಿತು. ರಾಷ್ಟ್ರೀಯ ಭದ್ರತೆಯ ವಿಷಯ ಬಂದಾಗ ಸಹಜ ನ್ಯಾಯದ ತತ್ವಗಳನ್ನು, ಅಂದರೆ ಆರೋಪವನ್ನು ತಿಳಿಸಿ ಉತ್ತರಿಸಲು ಅವಕಾಶ ಕೊಡಬೇಕೆಂಬ ನಿಯಮಗಳನ್ನು, ಸಡಿಲಿಸಬಹುದೆಂಬ ಸುಪ್ರೀಂ ಕೋರ್ಟಿನ ಹಿಂದಿನ ಎರಡು ತೀರ್ಪುಗಳು, 2014ರ ಒಂದು ಮತ್ತು 2019ರ ಒಂದು, ಹೈಕೋರ್ಟಿನ ಬೆನ್ನಿಗಿದ್ದವು. 2019ರದು ಒಬ್ಬ ಕೇಬಲ್ ಜಾಲ ನಿರ್ವಾಹಕರಿಗೆ ಭದ್ರತಾ ಅನುಮೋದನೆ ನಿರಾಕರಿಸಿದ ಪ್ರಕರಣ. ಮೇಲ್ನೋಟಕ್ಕೆ ಇದರ ಅವಳಿಯಂತೆಯೇ ಇತ್ತು.

ವಿಭಾಗೀಯ ಪೀಠದ ತೀರ್ಪಿನಲ್ಲಿ ಒಂದು ಮಾತು ಇದೆ, ಪ್ರಕರಣದ ವಿದ್ಯಾರ್ಥಿಗಳು ಅದನ್ನು ಗುರುತು ಹಾಕಿಕೊಳ್ಳಬೇಕು. ವಿಷಯದ ಸ್ವರೂಪ, ಪರಿಣಾಮ, ಗಾಂಭೀರ್ಯ, ಆಳ ಇವು ಕಡತದಿಂದ ಗೊತ್ತಾಗುವುದಿಲ್ಲ ಎಂದು ಪೀಠ ಒಪ್ಪಿಕೊಂಡಿತು. ಆದರೂ ಸಾರ್ವಜನಿಕ ಸುವ್ಯವಸ್ಥೆಗೆ ಮತ್ತು ರಾಜ್ಯದ ಭದ್ರತೆಗೆ ಸಂಬಂಧಿಸಿದ ಸ್ಪಷ್ಟ ಸೂಚನೆಗಳು ಅಲ್ಲಿವೆ ಎಂದು ಹೇಳಿ ಆದೇಶವನ್ನು ಎತ್ತಿಹಿಡಿಯಿತು. ಎದುರು ಪಕ್ಷದ ವಕೀಲರು ಆ ಕಡತವನ್ನು ನೋಡಿದ್ದರೆ ಆ ಒಪ್ಪಿಗೆಯ ಮೇಲೆಯೇ ಒಂದು ದಿನ ವಾದಿಸುತ್ತಿದ್ದರು. ನೋಡಲು ಬಿಡದ ಕಾರಣ, ಪೀಠದ ಮನಸ್ಸಿನಲ್ಲಿ ಮೂಡಿದ ಸಂಶಯವನ್ನು ಹಿಡಿದು ಎಳೆಯುವವರೇ ಯಾರೂ ಇರಲಿಲ್ಲ. ಲಕೋಟೆಯ ನಿಜವಾದ ಕೆಲಸ ಗುಟ್ಟು ಕಾಯುವುದಕ್ಕಿಂತ ಹೆಚ್ಚಾಗಿ ಇದೇ ಎಂದು ನನಗನ್ನಿಸುತ್ತದೆ: ದುರ್ಬಲವಾದ ಕಡತವನ್ನು ಪ್ರಶ್ನೆಯಿಂದ ಕಾಯುವುದು.

ಈ ನಡುವೆ ವಾಹಿನಿ ಐದು ವಾರ ಕತ್ತಲೆಯಲ್ಲಿತ್ತು. ಸುದ್ದಿವಾಹಿನಿಗೆ ಐದು ವಾರ ಎಂದರೆ ಏನೆಂಬುದನ್ನು ಹೊರಗಿನವರು ಸುಲಭವಾಗಿ ಗ್ರಹಿಸಲಾರರು. ಸಂಬಳ, ಉಪಗ್ರಹದ ಬಾಡಿಗೆ, ಸ್ಟುಡಿಯೋ ಖರ್ಚು ಯಾವುದೂ ನಿಲ್ಲುವುದಿಲ್ಲ. ನಿಲ್ಲುವುದು ಜಾಹೀರಾತು ಮಾತ್ರ. ಕೇಬಲ್ ಪಟ್ಟಿಯ ಆ ಸಂಖ್ಯೆಯಲ್ಲಿ ಏನೂ ಬರುವುದಿಲ್ಲವೆಂದು ಮನೆಯವರ ಬೆರಳಿಗೆ ಒಮ್ಮೆ ಅಭ್ಯಾಸವಾದರೆ ಅದನ್ನು ಬಿಡಿಸುವುದು ಕಷ್ಟ. ಕೊನೆಗೆ ಗೆದ್ದರೂ ಈ ನಷ್ಟವನ್ನು ಯಾರೂ ತುಂಬಿಕೊಡುವುದಿಲ್ಲ. ನಿಯಂತ್ರಣದ ಅಧಿಕಾರವನ್ನು ಒತ್ತಡಕ್ಕೆ ಬಳಸುವವರಿಗೆ ಕೋರ್ಟಿನಲ್ಲಿ ಗೆಲ್ಲುವುದು ಅಗತ್ಯವೂ ಅಲ್ಲ, ವ್ಯಾಜ್ಯ ಎಳೆದರೆ ಸಾಕು.

ಲಕೋಟೆ ತೆರೆದಾಗ

ಸುಪ್ರೀಂ ಕೋರ್ಟಿನಲ್ಲಿ ಮೊದಲ ತಿರುವು 2022ರ ಮಾರ್ಚ್ 15ರಂದು ಬಂತು. ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ನೇತೃತ್ವದ ಮೂವರ ಪೀಠ ಕಡತಗಳನ್ನು ತಾನೂ ನೋಡಿತು, ಹೈಕೋರ್ಟಿನಂತೆ ಅಲ್ಲಿಗೇ ನಿಲ್ಲದೆ, ಹಿಂದೆ ಹೇಗಿತ್ತೋ ಹಾಗೆಯೇ ಪ್ರಸಾರ ಮುಂದುವರಿಸಲು ಮಧ್ಯಂತರ ಅನುಮತಿ ಕೊಟ್ಟಿತು. ಕಡತವನ್ನು ಅರ್ಜಿದಾರರಿಗೆ ತೋರಿಸಬೇಕೇ ಎಂಬ ಪ್ರಶ್ನೆಯನ್ನು ಅಂತಿಮ ವಿಚಾರಣೆಗೆ ಬಿಟ್ಟಿತು. ಅದೇ ಕಡತ, ಅದೇ ಕಾನೂನು. ಫಲ ಮಾತ್ರ ತಿರುಗುಮುರುಗಾಯಿತು.

ಅಂತಿಮ ವಿಚಾರಣೆಯಲ್ಲಿ ವಾಹಿನಿ ತನ್ನ ಜನವರಿ 19ರ ನಿಲುವಿನಲ್ಲೇ ಗಟ್ಟಿಯಾಗಿ ನಿಂತಿತು. ನಾವು ಒಳ್ಳೆಯವರು ಎಂಬುದಕ್ಕಿಂತ, ನಮ್ಮ ಮೇಲಿನ ಆರೋಪವೇನೆಂದು ತಿಳಿಯುವ ಹಕ್ಕು ನಮಗಿದೆ ಎಂಬುದೇ ವಾದದ ಬೆನ್ನೆಲುಬಾಯಿತು. ಭದ್ರತಾ ಅನುಮೋದನೆ ನವೀಕರಣಕ್ಕೆ ಬೇಕಾಗಿಯೇ ಇಲ್ಲ ಎಂಬ ಇನ್ನೊಂದು ವಾದವನ್ನೂ ಅದು ಮುಂದಿಟ್ಟಿತ್ತು. ಆ ವಾದ ಸೋತಿತು. ನವೀಕರಣಕ್ಕೂ ಭದ್ರತಾ ಅನುಮೋದನೆ ಒಂದು ಷರತ್ತೇ ಹೌದೆಂದು ನ್ಯಾಯಾಲಯ ಹೇಳಿತು. ರಾಷ್ಟ್ರೀಯ ಭದ್ರತೆ, ಗುಪ್ತಚರ ಮಾಹಿತಿಯ ಗೋಪ್ಯತೆ ಇವು ನ್ಯಾಯಸಮ್ಮತ ಉದ್ದೇಶಗಳೆಂಬುದನ್ನೂ ಅದು ಒಪ್ಪಿತು. ಈ ತೀರ್ಪನ್ನು ಕೇವಲ ಪತ್ರಿಕಾ ಸ್ವಾತಂತ್ರ್ಯದ ವಿಜಯವೆಂದು ಹೊಗಳುವವರು ಈ ಭಾಗವನ್ನು ದಾಟಿಕೊಂಡು ಹೋಗುತ್ತಾರೆ. ಸರ್ಕಾರದ ಕೈಯಲ್ಲಿದ್ದ ಅಧಿಕಾರವನ್ನು ಯಾರೂ ಕಿತ್ತುಕೊಳ್ಳಲಿಲ್ಲ. ಅದನ್ನು ಹೇಗೆ ಬಳಸಬೇಕು ಎಂಬುದಕ್ಕೆ ಮಾತ್ರ ಕಟ್ಟು ಹಾಕಲಾಯಿತು.

ಆಗ ಮುಖ್ಯ ನ್ಯಾಯಮೂರ್ತಿಯಾಗಿದ್ದ ಚಂದ್ರಚೂಡ್ ಮತ್ತು ನ್ಯಾಯಮೂರ್ತಿ ಹಿಮಾ ಕೊಹ್ಲಿ ಅವರ ಪೀಠದ ತೀರ್ಪಿನಲ್ಲಿ ಲಕೋಟೆಯೊಳಗಿನ ಸಂಗತಿಗಳು ಹೊರಬಂದವು. ಅಲ್ಲಿ ಎರಡು ಆರೋಪಗಳಿದ್ದವು. ಒಂದು, ವಾಹಿನಿಯ ಧೋರಣೆ ವ್ಯವಸ್ಥೆಯ ವಿರೋಧಿಯಾಗಿದೆ ಎಂಬುದು. ಅದಕ್ಕೆ ಆಧಾರವಾಗಿ ಗುಪ್ತಚರ ವರದಿ ಪಟ್ಟಿ ಮಾಡಿದ್ದು ವಾಹಿನಿ ಪ್ರಸಾರ ಮಾಡಿದ ಸುದ್ದಿಗಳನ್ನೇ: ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯ್ದೆ, ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆ, ಪೌರತ್ವ ತಿದ್ದುಪಡಿ ಕಾಯ್ದೆ, ರಾಷ್ಟ್ರೀಯ ಪೌರತ್ವ ನೋಂದಣಿ, ಎನ್‌ಕೌಂಟರ್ ಹತ್ಯೆ, ಸರ್ಕಾರದ ಅಭಿವೃದ್ಧಿ ಯೋಜನೆಗಳು ಇವುಗಳ ಬಗೆಗಿನ ವರದಿಗಳು. ಎರಡು, ಕಂಪನಿಯ ಷೇರುದಾರರಿಗೆ ಒಂದು ಧಾರ್ಮಿಕ ಸಂಘಟನೆಯ ಜೊತೆ ನಂಟಿದೆ ಎಂಬುದು. ಆ ಸಂಘಟನೆ ನಿಷೇಧಿತವಾಗಿರಲಿಲ್ಲ. ನಂಟಿಗೆ ಪುರಾವೆಯೆಂದು ಇದ್ದದ್ದು ಷೇರುದಾರರ ಒಂದು ಪಟ್ಟಿ.

ಹಾಗಾದರೆ ದೇಶದ ಭದ್ರತೆಗಾಗಿ ಅಷ್ಟು ಬಿಗಿಯಾಗಿ ಮುಚ್ಚಿಟ್ಟಿದ್ದು ಏನನ್ನು? ಲಕ್ಷಾಂತರ ಜನ ತಮ್ಮ ಮನೆಯಲ್ಲಿ ಕುಳಿತು ಅದಾಗಲೇ ನೋಡಿಯಾಗಿದ್ದ ಸುದ್ದಿಯನ್ನು. ವರದಿಯಲ್ಲಿದ್ದುದು ಸಾರ್ವಜನಿಕವಾಗಿ ಲಭ್ಯವಿದ್ದ ಮಾಹಿತಿಯಿಂದ ಮಾಡಿಕೊಂಡ ಊಹೆ ಮಾತ್ರ, ಗೋಪ್ಯವಾಗಿಡುವಂಥದ್ದು ಅಲ್ಲೇನೂ ಇರಲಿಲ್ಲ ಎಂದು ನ್ಯಾಯಾಲಯವೇ ದಾಖಲಿಸಿತು. ಸರ್ಕಾರದ ನೀತಿಗಳ ಬಗ್ಗೆ ಟೀಕಾತ್ಮಕ ದೃಷ್ಟಿ ಇಟ್ಟುಕೊಂಡರೆ ಅದನ್ನು ವ್ಯವಸ್ಥೆಯ ವಿರೋಧ ಎಂದು ಕರೆಯಲಾಗದು, ಹಾಗೆ ಕರೆಯುವುದರ ಹಿಂದೆಯೇ ಮಾಧ್ಯಮವು ಸರ್ಕಾರದ ಪರ ನಿಲ್ಲಬೇಕೆಂಬ ನಿರೀಕ್ಷೆ ಅಡಗಿದೆ ಎಂದಿತು. ಮಾಧ್ಯಮದ ಮೇಲಿನ ನಿರ್ಬಂಧ ಸಂವಿಧಾನದ 19(2)ನೇ ವಿಧಿಯಲ್ಲಿ ಹೇಳಿದ ಕಾರಣಗಳಿಗಾಗಿ ಮಾತ್ರ ಇರಬಹುದು. ಟೀಕೆ ಆ ಪಟ್ಟಿಯಲ್ಲಿ ಇಲ್ಲ. ನಾಲ್ಕು ವಾರಗಳೊಳಗೆ ಅನುಮತಿ ನವೀಕರಿಸಬೇಕೆಂದು ಆದೇಶಿಸಿತು.

ಮುಚ್ಚಿದ ಲಕೋಟೆಯ ಪದ್ಧತಿಗೆ ತೀರ್ಪು ಕೊಟ್ಟ ಪರ್ಯಾಯ ಮುಂದಿನ ಪ್ರಕರಣಗಳಿಗೆ ಇನ್ನೂ ಹೆಚ್ಚು ಉಪಯುಕ್ತವಾದುದು. ಯಾವುದಾದರೂ ದಾಖಲೆಯನ್ನು ಎದುರು ಪಕ್ಷಕ್ಕೆ ತೋರಿಸಿದರೆ ಸಾರ್ವಜನಿಕ ಹಿತಕ್ಕೆ ಧಕ್ಕೆಯಾಗುತ್ತದೆ ಎಂದು ಸರ್ಕಾರ ಹೇಳಿದರೆ, ಆ ಹೇಳಿಕೆಯನ್ನು ನ್ಯಾಯಾಲಯ ಪರೀಕ್ಷಿಸಬೇಕು. ಪರೀಕ್ಷಿಸುವಾಗ ಅರ್ಜಿದಾರನ ಪರವಾಗಿ ಆ ದಾಖಲೆಯನ್ನು ನೋಡಿ ವಾದಿಸಲು ಒಬ್ಬ ಅಮಿಕಸ್ ಕ್ಯೂರಿಯನ್ನು, ಅಂದರೆ ನ್ಯಾಯಾಲಯಕ್ಕೆ ನೆರವಾಗುವ ವಕೀಲರನ್ನು, ನೇಮಿಸಬಹುದು. ನಿಜವಾಗಿ ಗೋಪ್ಯವಾದ ಭಾಗವನ್ನು ಮರೆಮಾಡಿ ಉಳಿದದ್ದನ್ನು ಕೊಡುವ, ಇಲ್ಲವೇ ಸಾರಾಂಶವನ್ನಾದರೂ ಕೊಡುವ ದಾರಿಗಳಿವೆ. ರಾಷ್ಟ್ರೀಯ ಭದ್ರತೆ ಎಂಬ ಎರಡು ಪದ ಉಚ್ಚರಿಸಿದ ಮಾತ್ರಕ್ಕೆ ನ್ಯಾಯಾಲಯ ಕೈಕಟ್ಟಿ ಕೂರುವ ಹಾಗಿಲ್ಲ, ಅಂಥ ವಾದವನ್ನು ಗಾಳಿಯಿಂದ ಹುಟ್ಟಿಸಲಾಗದು ಎಂಬುದು ತೀರ್ಪಿನ ತಾತ್ಪರ್ಯ.

ತೀರ್ಪು ಯಾವ ಸಚಿವರತ್ತಲೂ ಬೆರಳು ಮಾಡಲಿಲ್ಲ. ರಾಜಕೀಯ ಒತ್ತಡಕ್ಕಾಗಿ ಈ ಅಧಿಕಾರವನ್ನು ಬಳಸಲಾಯಿತು ಎಂಬುದು ನಾನು ಕಡತದ ಒಳಗಿದ್ದ ಸುದ್ದಿಗಳ ಪಟ್ಟಿಯನ್ನು ಓದಿ ಮಾಡಿಕೊಂಡ ತೀರ್ಮಾನ; ಓದುಗರು ಬೇರೆ ತೀರ್ಮಾನಕ್ಕೆ ಬರಲು ಸ್ವತಂತ್ರರು. ಆದರೆ ಆ ಪಟ್ಟಿಯಲ್ಲಿ ಒಂದೇ ಒಂದು ಸುದ್ದಿಯೂ ಆಳುವವರಿಗೆ ಹಿತವಾದುದಾಗಿರಲಿಲ್ಲ ಎಂಬುದನ್ನು ಯಾರೂ ಗಮನಿಸಬಹುದು.

ಈ ಪ್ರಕರಣದಿಂದ ಕಲಿಯುವುದು

ಮಾಧ್ಯಮದ ಮೇಲೆ ನಿಯಂತ್ರಣದ ಅಧಿಕಾರವನ್ನು ಒತ್ತಡಕ್ಕಾಗಿ ಬಳಸುವುದು ಈ ದಶಕದ ಆವಿಷ್ಕಾರವಲ್ಲ, ಒಂದೇ ಪಕ್ಷದ ಸ್ವತ್ತೂ ಅಲ್ಲ. ಪುಟಗಳ ಸಂಖ್ಯೆಗೆ ಬೆಲೆಯನ್ನು ಕಟ್ಟಿಹಾಕಿದ್ದ 1956ರ ಕಾಯ್ದೆಯನ್ನು ಸಕಾಳ ಪತ್ರಿಕೆಯ ಪ್ರಕರಣದಲ್ಲೂ, ಪತ್ರಿಕೆಗಳನ್ನು ಹತ್ತು ಪುಟಕ್ಕೆ ಮಿತಿಗೊಳಿಸಿದ್ದ ಮುದ್ರಣ ಕಾಗದದ ನೀತಿಯನ್ನು 1972ರ ಬೆನೆಟ್ ಕೋಲ್ಮನ್ ಪ್ರಕರಣದಲ್ಲೂ ಸುಪ್ರೀಂ ಕೋರ್ಟು ತಳ್ಳಿಹಾಕಿತ್ತು. ತುರ್ತು ಪರಿಸ್ಥಿತಿಯ ವಿರುದ್ಧ ನಿಂತಿದ್ದ ಇಂಡಿಯನ್ ಎಕ್ಸ್‌ಪ್ರೆಸ್ ಪತ್ರಿಕೆಗೆ, ಇಂದಿರಾ ಗಾಂಧಿಯವರ ಸರ್ಕಾರ 1980ರಲ್ಲಿ ಮರಳಿ ಬಂದ ಕೆಲವೇ ವಾರಗಳಲ್ಲಿ, ದೆಹಲಿಯ ಅದರ ಕಟ್ಟಡದ ಗುತ್ತಿಗೆಯನ್ನೇ ರದ್ದು ಮಾಡುವ ನೋಟಿಸು ಬಂತು. ಕಟ್ಟಡದ ನಿಯಮ, ನೆಲದ ಗುತ್ತಿಗೆ ಇವೇ ಅಂದಿನ ಹತಾರಗಳು. 1985ರಲ್ಲಿ ಆ ನೋಟಿಸನ್ನು ರದ್ದುಪಡಿಸಿದ ಪೀಠದಲ್ಲಿ ನಮ್ಮ ನಾಡಿನವರಾದ ನ್ಯಾಯಮೂರ್ತಿ ಇ.ಎಸ್. ವೆಂಕಟರಾಮಯ್ಯನವರೂ ಇದ್ದರು, ಅದಕ್ಕೆ ಮುಂಚಿನ ವರ್ಷ ಮುದ್ರಣ ಕಾಗದದ ಆಮದು ಸುಂಕದ ಪ್ರಕರಣದಲ್ಲಿ, ಪತ್ರಿಕೆಯ ಮೇಲಿನ ತೆರಿಗೆಯೂ ವಾಕ್ ಸ್ವಾತಂತ್ರ್ಯದ ಕಣ್ಣಿನಿಂದ ಪರೀಕ್ಷೆಗೆ ಒಳಗಾಗಬೇಕೆಂದು ವಿಸ್ತಾರವಾಗಿ ಬರೆದವರೂ ಅವರೇ. ಕಾಗದ, ಸುಂಕ, ಕಟ್ಟಡಗಳ ಕಾಲ ಹೋಗಿ ನವೀಕರಣದ ಕಾಲ ಬಂದಿದೆ.

ಹಳೆಯ ಹತಾರಗಳಿಗೂ ನವೀಕರಣಕ್ಕೂ ಒಂದು ವ್ಯತ್ಯಾಸವಿದೆ. ನಿಷೇಧಿಸಬೇಕಾದರೆ ಸರ್ಕಾರ ಏನಾದರೂ ಮಾಡಬೇಕು, ಮಾಡಿದ್ದಕ್ಕೆ ಕಾರಣ ಕೊಡಬೇಕು. ನವೀಕರಣದಲ್ಲಿ ಸರ್ಕಾರ ಏನೂ ಮಾಡದಿದ್ದರೆ ಸಾಕು, ಕ್ಯಾಲೆಂಡರ್ ಉಳಿದದ್ದನ್ನು ಮಾಡುತ್ತದೆ. ಅರ್ಜಿ ಬಾಕಿ ಇರುವ ತಿಂಗಳುಗಳಲ್ಲಿ ಸುದ್ದಿಮನೆಯೊಳಗೆ ಏನಾಗುತ್ತದೆಂಬುದನ್ನು ಯಾವ ತೀರ್ಪೂ ದಾಖಲಿಸಲಾರದು. ಯಾರೂ ಯಾರಿಗೂ ಏನನ್ನೂ ಹೇಳದಿದ್ದರೂ, ಈ ವರದಿ ಮುಂದಿನ ತಿಂಗಳಿಗಿರಲಿ ಎಂಬ ಮಾತು ಸಂಪಾದಕೀಯ ಸಭೆಯಲ್ಲಿ ತಾನಾಗಿ ಹುಟ್ಟುತ್ತದೆ.

ಇಲ್ಲಿ ಬೆಂಗಳೂರಿನ ಒಂದು ಕನ್ನಡ ಸುದ್ದಿವಾಹಿನಿಯ ಪ್ರಕರಣವನ್ನು ಜೊತೆಗಿಟ್ಟು ನೋಡಬೇಕು. ಅದರ ಅನುಮತಿಯ ಅವಧಿ 2021ರಲ್ಲಿ ಮುಗಿದಿತ್ತು, ನವೀಕರಣಕ್ಕೆ ಅರ್ಜಿ ಹೋದದ್ದು ಅವಧಿ ಮುಗಿದು ವರ್ಷ ಕಳೆದ ಮೇಲೆ. ಕೇಂದ್ರ ಸಚಿವಾಲಯ 2024ರ ಆರಂಭದಲ್ಲಿ ನೋಟಿಸು ಕೊಟ್ಟಿತು. ಅಷ್ಟರಲ್ಲಿ ವಾಹಿನಿ ರಾಜ್ಯದ ಒಂದು ಪ್ರಬಲ ರಾಜಕೀಯ ಕುಟುಂಬದ ಸದಸ್ಯರ ಮೇಲಿನ ಲೈಂಗಿಕ ದೌರ್ಜನ್ಯದ ಆರೋಪಗಳನ್ನು ಬಿಡದೆ ಪ್ರಸಾರ ಮಾಡತೊಡಗಿತ್ತು. ವಾಹಿನಿಯ ವರದಿಗಳಿಗೆ ಗುರಿಯಾದ ಕೆಲವರು ಹೈಕೋರ್ಟಿಗೆ ಹೋಗಿ, ಪರವಾನಗಿಯೇ ಇಲ್ಲದೆ ಪ್ರಸಾರ ನಡೆದಿದೆ ಎಂದರು. ಜೂನ್ ಕೊನೆಯಲ್ಲಿ ಪ್ರಸಾರಕ್ಕೆ ಮಧ್ಯಂತರ ತಡೆ ಬಿತ್ತು. ಜುಲೈ 12ರಂದು ಸುಪ್ರೀಂ ಕೋರ್ಟು ಆ ಆದೇಶಕ್ಕೆ ತಡೆ ಕೊಟ್ಟಿತು. ಇದು ರಾಜಕೀಯ ಹಗೆತನದಂತೆ ಕಾಣುತ್ತದೆ ಎಂದು ಪೀಠ ವಿಚಾರಣೆಯಲ್ಲಿ ಬಾಯಿಬಿಟ್ಟೇ ಹೇಳಿತು.

ಎರಡರ ನಡುವಿನ ಅಂತರ ಗಮನಾರ್ಹ. ಕೇರಳದ ವಾಹಿನಿಯ ಕಾಗದಪತ್ರ ಸರಿಯಾಗಿತ್ತು, ಆದ್ದರಿಂದ ಅದನ್ನು ಹಿಡಿಯಲು ರಾಷ್ಟ್ರೀಯ ಭದ್ರತೆಯಂಥ ದೊಡ್ಡ ಮಾತೇ ಬೇಕಾಯಿತು. ಬೆಂಗಳೂರಿನ ವಾಹಿನಿ ತಾನಾಗಿಯೇ ಒಂದು ಜುಟ್ಟನ್ನು ಇತರರ ಕೈಗೆ ಕೊಟ್ಟಿತ್ತು, ಆ ಜುಟ್ಟನ್ನು ಹಿಡಿಯಲು ಸರ್ಕಾರವೇ ಬರಬೇಕಾಗಲಿಲ್ಲ; ಬಾಕಿ ಇಟ್ಟ ಅರ್ಜಿಯೊಂದು ಯಾರಿಗೆ ಬೇಕಾದರೂ ಒದಗುವ ಆಯುಧವಾಯಿತು. ಮಾಧ್ಯಮ ಸಂಸ್ಥೆಗಳಲ್ಲಿ ಪರವಾನಗಿಯ ಕೆಲಸವನ್ನು ಲೆಕ್ಕಪತ್ರ ವಿಭಾಗದ ಮೂಲೆಯ ಮೇಜಿಗೆ ಬಿಡುವುದು ರೂಢಿ. ಅದು ಸಂಪಾದಕರು ನೋಡಿಕೊಳ್ಳಬೇಕಾದ ಕೆಲಸ ಎಂಬುದು ಈ ಎರಡನ್ನೂ ಓದಿದ ಮೇಲೆ ನನಗೆ ಖಚಿತವಾಗಿದೆ. ಅರ್ಜಿ ಸಲ್ಲಿಸಿದ ದಿನಾಂಕ, ಸ್ವೀಕೃತಿಯ ಪ್ರತಿ, ನೆನಪೋಲೆಗಳು, ಪ್ರತಿ ನೋಟಿಸಿಗೆ ಅವಧಿಯೊಳಗೆ ಕೊಟ್ಟ ಬರಹದ ಉತ್ತರ, ಇವು ಶಾಂತಿಯ ದಿನಗಳಲ್ಲಿ ನೀರಸವಾದ ಕಾಗದಗಳು. ಕೇರಳದ ವಾಹಿನಿಗೆ ಸುಪ್ರೀಂ ಕೋರ್ಟಿನಲ್ಲಿ ನಿಲ್ಲಲು ನೆಲ ಕೊಟ್ಟದ್ದು 2021ರ ಮೇ ತಿಂಗಳ ಒಂದು ಅರ್ಜಿ ಮತ್ತು 2022ರ ಜನವರಿಯ ಒಂದು ಉತ್ತರ.

ಸಹೋದ್ಯೋಗಿ ಸಂಸ್ಥೆಗಳ ಬಗ್ಗೆಯೂ ಒಂದು ಮಾತು. 48 ಗಂಟೆಗಳ ನಿಷೇಧಕ್ಕೆ 2020ರಲ್ಲಿ ಎದ್ದ ಕೂಗು ಅದನ್ನು ಒಂದೇ ದಿನದಲ್ಲಿ ಉರುಳಿಸಿತು. ಎರಡು ವರ್ಷಗಳ ನಂತರ ಭದ್ರತೆ ಎಂಬ ಪದ ಬಂದಾಗ, ಪತ್ರಕರ್ತರ ಸಂಘಗಳು ಮಾತಾಡಿದರೂ, ಹಲವು ಸುದ್ದಿಮನೆಗಳು ತೀರ್ಪು ಬರಲಿ ನೋಡೋಣ ಎಂದು ಕಾದವು. ಕಾಯುವುದು ಜಾಣತನವೆಂದು ಅವರಿಗೆ ಅನ್ನಿಸಿದ್ದು ಸಹಜ. ಅವರವರ ನವೀಕರಣದ ಅರ್ಜಿಗಳೂ ಅದೇ ಸಚಿವಾಲಯಕ್ಕೇ ಹೋಗಬೇಕಲ್ಲ.

2022ರ ನವೆಂಬರಿನಲ್ಲಿ, ಪ್ರಕರಣ ತೀರ್ಪಿಗಾಗಿ ಕಾಯುತ್ತಿದ್ದಾಗಲೇ, ಅಪ್‌ಲಿಂಕಿಂಗ್ ಮತ್ತು ಡೌನ್‌ಲಿಂಕಿಂಗ್‌ಗೆ ಹೊಸ ಮಾರ್ಗಸೂಚಿಗಳು ಬಂದವು. ಅನುಮತಿ ಕೊಡುವ ಅವಧಿಗಳನ್ನು ಬಿಗಿಗೊಳಿಸಲಾಯಿತು, ಹಲವು ತಾಂತ್ರಿಕ ಕಟ್ಟಳೆಗಳನ್ನು ಸಡಿಲಿಸಲಾಯಿತು. ಗೃಹ ಸಚಿವಾಲಯದ ಭದ್ರತಾ ಅನುಮೋದನೆ ಮಾತ್ರ ಇದ್ದಲ್ಲೇ ಇದೆ, ಅನುಮತಿಯ ಅವಧಿಯೂ ಹತ್ತು ವರ್ಷವಾಗಿಯೇ ಉಳಿದಿದೆ.